ಸ್ಕ್ರಬ್ಬರ್ ಡ್ರೈಯರ್ ಹಿಂದೆ ಕೆಂಪು ಗೆರೆ, ತಿರುವಿನಲ್ಲಿ ನೀರು

ತೋರಣಗಲ್ಲು ಸ್ಟೋರ್ಸ್:
ತೋರಣಗಲ್ಲು ಹತ್ತಿರ ಸ್ಪೇರ್ಸ್ ಗೋದಾಮು. ಕಾಂಕ್ರೀಟ್ ನೆಲ, ಬಾಗಿಲ ಬಳಿ ಶಹಾಬಾದ್ ಕಲ್ಲು. ನೆಲ ಉಜ್ಜಿ ಕೊಳೆ ನೀರು ಎಳೆದುಕೊಳ್ಳುವ ಸ್ಕ್ರಬ್ಬರ್ ಡ್ರೈಯರ್ ಮಷಿನ್ 20 ಇಂಚಿನದು, ಹಿಂದೆ ನಡೆದು ಓಡಿಸುವಂಥದ್ದು, 50 ಲೀಟರ್ ಟ್ಯಾಂಕ್, ಲೆಡ್ ಆಸಿಡ್ ಬ್ಯಾಟರಿ. ಲಾರಿ ಟೈರಿನ ಜೊತೆ ಅದಿರಿನ ಧೂಳು ಒಳಗೆ ಬರುತ್ತೆ. ಮಷಿನ್ ಹೋದ ದಾರಿಯುದ್ದಕ್ಕೂ ಕೆಂಪು ಗೆರೆ, ತಿರುಗಿಸಿದಲ್ಲೆಲ್ಲ ನೀರು. ವ್ಯಾಕ್ಯೂಮ್ ಮೋಟರ್ ಬದಲಿಸಿ ಅಂತಾರೆ ಮೆಕ್ಯಾನಿಕ್. ಮೋಟರ್ ಸದ್ದಿನಲ್ಲಿ ವ್ಯತ್ಯಾಸ ಇಲ್ಲ. ಏನು ಮಾಡಲಿ?

ಹೊಸಪೇಟೆ ಮೆಂಟೆನೆನ್ಸ್:
ಮೋಟರ್ ಈಗಲೇ ಬಿಚ್ಚಬೇಡಿ ಸರ್. ಗೆರೆ ಸದಾ ಒಂದೇ ಜಾಗದಲ್ಲಿ ಬಂದರೆ ದೋಷ ಸ್ಕ್ವೀಜಿ (ಮಷಿನ್ ಹಿಂದೆ ನೀರು ಬಳಿದು ಕೂಡಿಸುವ ಪಟ್ಟಿ) ರಬ್ಬರಿನದು. ಬಿಚ್ಚಿ ಅಂಚಿನ ಮೇಲೆ ಬೆರಳಾಡಿಸಿ: ಅದಿರಿನ ಹರಳು ಸಿಕ್ಕಿರುತ್ತೆ, ಇಲ್ಲಾ ಅಂಚು ಸವೆದು ದುಂಡಗಾಗಿರುತ್ತೆ. ಸ್ಕ್ವೀಜಿಯ ಹಿಂಬದಿಯ ರಬ್ಬರಿಗೆ ಸಾಮಾನ್ಯವಾಗಿ ನಾಲ್ಕು ಅಂಚು ಬಳಕೆಗೆ ಬರುತ್ತವೆ, ತಿರುಗಿಸಿ ಹಾಕಿ. ಮಷಿನ್ ಮುಂದೆ ಹೋಗುವಾಗ ಅದು ಉದ್ದಕ್ಕೂ ಒಂದೇ ಸಮ ಬಾಗಬೇಕು. ತುದಿಗಳು ಎದ್ದಿದ್ದರೆ ಸ್ಕ್ವೀಜಿಯ ಓರೆ ಸರಿಪಡಿಸುವ ಟಿಲ್ಟ್ ನಾಬ್ ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ.

ಆಮೇಲೆ ಸ್ಕ್ವೀಜಿಯಿಂದ ಹೋಸ್ ಕಿತ್ತು ಅಂಗೈ ಇಡಿ. ಗಟ್ಟಿಯಾಗಿ ಹಿಡಿದರೆ ಮೋಟರ್ ಸರಿ ಇದೆ. ಹಿಡಿಯದಿದ್ದರೆ ಹೋಸ್ ಒಳಗಿನ ರಾಡಿ, ಟ್ಯಾಂಕ್ ಮುಚ್ಚಳದ ಗ್ಯಾಸ್ಕೆಟ್, ಡ್ರೈನ್ ಪೈಪಿನ ಬಿರಡೆ, ಟ್ಯಾಂಕ್ ತುಂಬಿದಾಗ ಮೇಲೆದ್ದು ಎಳೆತ ನಿಲ್ಲಿಸುವ ಫ್ಲೋಟಿನ ಜಾಲರಿ ಇಷ್ಟನ್ನೂ ನೋಡಿ. ಮೋಟರ್ ಸರದಿ ಕೊನೆಗೆ.

ರಾಯಚೂರು ಕ್ಲೀನಿಂಗ್:
ಮೂಲ ಕಾರಣ ಧೂಳು. ಹೆಮಟೈಟ್ (ಕೆಂಪು ಕಬ್ಬಿಣದ ಅದಿರು) ಮರಳಿಗಿಂತ ಸುಮಾರು ಎರಡು ಪಟ್ಟು ಭಾರ, ಹೋಸಿನ ಬಾಗುವಿನಲ್ಲೇ ಕೂತುಬಿಡುತ್ತೆ. ಸ್ಕ್ರಬ್ಬರ್ ಗುಡಿಸುವ ಯಂತ್ರ ಅಲ್ಲ. ಮೊದಲು ಒಣಗಿದಾಗಲೇ ಗುಡಿಸಿ ಎತ್ತಿಸಿ. ನಂತರ ಸ್ಕ್ವೀಜಿ ಎತ್ತಿ, ನೀರು ಬಿಟ್ಟು ಒಂದು ಸಲ ಉಜ್ಜಿ, ಐದು ನಿಮಿಷ ನೆನೆಯಲಿ. ಒಣಗಲು ಬಿಡಬೇಡಿ, ಬಳ್ಳಾರಿ ಬಿಸಿಲಲ್ಲಿ ಬಾಗಿಲ ಬಳಿ ಬೇಗ ಆರುತ್ತೆ. ಎರಡನೇ ಸಲ ಸ್ಕ್ವೀಜಿ ಇಳಿಸಿ ಎಳೆಯಿರಿ.

ಕಾಂಕ್ರೀಟಿಗೆ ಬ್ರಷ್, ಶಹಾಬಾದ್ ಕಲ್ಲಿಗೆ ಕೆಂಪು ಪ್ಯಾಡ್. ಕಪ್ಪು ಪ್ಯಾಡ್ ಪಾಲಿಶ್ ಕಿತ್ತುಹಾಕುತ್ತೆ. ಕೆಂಪು ಕಲೆಗೆ ಆಸಿಡ್ ಹಾಕುವವರು ತುಂಬಾ ಜನ, ದಯವಿಟ್ಟು ಬೇಡ: ಶಹಾಬಾದ್ ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ಮೈ ಒರಟಾಗಿ ಕೆಂಪು ಇನ್ನಷ್ಟು ಕಚ್ಚುತ್ತೆ. ನೊರೆ ಕಡಿಮೆ ಬರುವ ನ್ಯೂಟ್ರಲ್ ದ್ರಾವಣವೇ ಸಾಕು. ಕ್ಯಾನ್ ಮೇಲೆ 1:100 ಅಂತಿದ್ದರೆ ನಿಮ್ಮ ಟ್ಯಾಂಕಿಗೆ ಅರ್ಧ ಲೀಟರ್. ಬಟ್ಟೆ ಸೋಪಿನ ಪುಡಿ ಹಾಕಿದರೆ ನೊರೆ ಫ್ಲೋಟನ್ನು ಎತ್ತಿ ಎಳೆತ ನಿಲ್ಲಿಸುತ್ತೆ.

ತೋರಣಗಲ್ಲು ಸ್ಟೋರ್ಸ್:
ಅಂಗೈ ಗಟ್ಟಿಯಾಗಿ ಹಿಡೀತು. ರಬ್ಬರ್ ತಿರುಗಿಸಿದ ಮೇಲೆ ಗೆರೆ ಹೋಯ್ತು. ತಿರುವಿನ ನೀರು ಮಾತ್ರ ಹಾಗೇ ಇದೆ.

ಹೊಸಪೇಟೆ ಮೆಂಟೆನೆನ್ಸ್:
ತಿರುವಿಗೆ ಎರಡು ಹೆಜ್ಜೆ ಮೊದಲೇ ನೀರು ಬಂದ್ ಮಾಡಿ, ಅಗಲವಾಗಿ ತಿರುಗಿಸಿ. ಸ್ಕ್ವೀಜಿಯನ್ನು ಕೈಯಲ್ಲಿ ಎಡಬಲಕ್ಕೆ ತಳ್ಳಿ ನೋಡಿ. ಸಲೀಸಾಗಿ ಸರಿಯದಿದ್ದರೆ ಅದು ತಿರುಗುವ ಕೀಲು, ಅಂದರೆ ಪಿವಟ್‌ನಲ್ಲಿ ರಾಡಿ ಗಟ್ಟಿಯಾಗಿದೆ, ತೊಳೆದು ಗ್ರೀಸ್ ಹಾಕಿ. ದಿನಾ ಕೆಲಸ ಮುಗಿದ ಮೇಲೆ ಕೊಳೆ ನೀರಿನ ಟ್ಯಾಂಕ್ ತೊಳೆದು, ಮುಚ್ಚಳ ತೆಗೆದೇ ಇಡಿ.