ನಾಣಿವಾಣಿ

ನಾಣಿಯ ಕಾರು ಹಳೆಯದು. ಅದರಲ್ಲಿ ಬ್ಲೂಟೂತ್ ಇಲ್ಲ, ಯುಎಸ್‌ಬಿ ಇಲ್ಲ, ಆಕ್ಸ್ ತೂತೂ ಇಲ್ಲ. ಇರುವುದು ಒಂದು ಎಫ್‌ಎಂ ರೇಡಿಯೋ, ಒಂದು ಸಿಗರೇಟು ಹಚ್ಚುವ ಸಾಕೆಟ್ಟು. ಅವನು ಸಿಗರೇಟು ಸೇದುವವನಲ್ಲ, ಹಾಗಾಗಿ ಆ 12 ವೋಲ್ಟು ಸುಮ್ನೆ ದಂಡವಾಗುತ್ತಿದೆ ಅನ್ನುವ ಕೊರಗು ಬಹಳ ದಿನದಿಂದ ಇತ್ತು. ಕೊನೆಗೊಂದು ದಿನ ಹೆಬ್ಬೆರಳು ಗಾತ್ರದ ಎಫ್‌ಎಂ ಟ್ರಾನ್ಸ್‌ಮಿಟರ್ ತಂದು ಅದರೊಳಗೆ ಚುಚ್ಚಿದ. ಮೇಷ್ಟ್ರನ್ನು ಮುಂದೆ ಕೂರಿಸಿ, ನನ್ನನ್ನೂ ಸೀನನನ್ನೂ ಹಿಂದೆ ತುಂಬಿ, ಕಾರು ಹೊರಡಿಸಿದ.

"ಇನ್ನು ಮೇಲೆ ನಾನು ರೇಡಿಯೋ ಸ್ಟೇಷನ್ ಓನರ್ ಕಣ್ರೋ."

"ಕೇಳುಗರು?" ಅಂದ ಸೀನ.

"ನೀವು ಮೂವರು."

ತಮಾಷೆ ಏನಪ್ಪಾ ಅಂದ್ರೆ ಅವನು ಹೇಳಿದ್ದು ನಿಜ. ಫೋನಿನ ಹಾಡನ್ನು ಆ ಹೆಬ್ಬೆರಳು ಬ್ಲೂಟೂತಿನಲ್ಲಿ ಹಿಡಿದು ಎಫ್‌ಎಂ ಅಲೆ ಮಾಡಿ ಗಾಳಿಗೆ ಬಿಡುತ್ತದೆ, ಆ ಅಲೆ ಕಿಟಕಿ ದಾಟಿ ಹೊರಗಿನ ಆಂಟೆನಾಗೆ ಹೋಗಿ, ಅಲ್ಲಿಂದ ತಂತಿ ಹಿಡಿದು ಮತ್ತೆ ಡ್ಯಾಶ್‌ಬೋರ್ಡಿಗೇ ಬರುತ್ತದೆ. ಒಂದು ಅಡಿ ದೂರದ ರೇಡಿಯೋ ತಲುಪಲು ಹಾಡು ಮನೆಯಿಂದಾಚೆ ಹೋಗಿ ಒಳಗೆ ಬರಬೇಕು!

ಮೊದಲ ಐದು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಹಾಡಿನ ಮಧ್ಯೆ ಯಾರೋ ಬಂದು ಹವಾಮಾನ ಹೇಳಿ ಹೋದರು. ಮತ್ತೆ ಹಾಡು. ಮತ್ತೆ ಜಾಹೀರಾತು.

"ಲೋ, ನಿನ್ನ ಸ್ಟೇಷನ್‌ನಲ್ಲಿ ಜಾಹೀರಾತೂ ಇದೆಯೇನೋ?" ಅಂದೆ.

ಮೇಷ್ಟ್ರು ನಿವೃತ್ತಿಯಾದರೂ ಫಿಸಿಕ್ಸ್ ಬಿಟ್ಟವರಲ್ಲ. "ಎಫ್‌ಎಂ ಎರಡು ಸ್ಟೇಷನ್ನನ್ನು ಕಲಸಿ ಕೊಡಲ್ಲ ಕಣಯ್ಯ. ಒಂದೇ ಜಾಗದಲ್ಲಿ ಇಬ್ಬರು ಕೂತರೆ ಜೋರಿದ್ದವನ ಕೈಗೆ ಪೂರ್ತಿ ಮೈಕು, ಇನ್ನೊಬ್ಬನ ಉಸಿರೂ ಕೇಳಿಸಲ್ಲ. ನಿಜವಾದ ಸ್ಟೇಷನ್ನಿನವರದು ಕಿಲೋವ್ಯಾಟ್ ಲೆಕ್ಕ. ನಿಂದೆಷ್ಟು ಗೊತ್ತಾ? ಯುರೋಪಿನಲ್ಲಿ ಇಂಥದ್ದಕ್ಕೆ ಇಟ್ಟಿರುವ ಮಿತಿ 50 ನ್ಯಾನೋವ್ಯಾಟ್. ಒಂದು ವ್ಯಾಟನ್ನು ಎರಡು ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು."

"ಇಷ್ಟಕ್ಕೇ ಹೆದರಿ ಬ್ರಿಟನ್ನಿನವರು 2006ರ ಡಿಸೆಂಬರ್‌ವರೆಗೂ ಇದನ್ನು ಬಳಸಲು ಬಿಟ್ಟಿರಲಿಲ್ಲವಂತೆ," ಅಂದೆ. ನಾಣಿಗೆ ಎದೆ ಸ್ವಲ್ಪ ಉಬ್ಬಿತು.

ಖಾಲಿ ಜಾಗ ಹುಡುಕುವುದೇ ಇದರಲ್ಲಿ ದೊಡ್ಡ ಕೆಲಸ. 87.5ರಿಂದ 108ರವರೆಗೆ ಡಯಲ್ ತಿರುಗಿಸುತ್ತಾ ಹೋಗಬೇಕು, ಎಲ್ಲಿ ಬರೀ ಶ್ಶ್ ಅನ್ನುತ್ತದೋ ಅಲ್ಲಿ ಟವೆಲ್ ಹಾಸಬೇಕು, ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ. ಆ ಸೀಟಿನ ಎಡಬಲಕ್ಕೆ ದಪ್ಪಗಿರುವ ಸ್ಟೇಷನ್ ಕೂತಿರಬಾರದು, ಒತ್ತರಿಸುತ್ತದೆ. ಸಿಕ್ಕಿತು ಅನ್ನುವಷ್ಟರಲ್ಲಿ ಕಾರು ಇನ್ನೊಂದು ಊರಿಗೆ ಬಂದಿರುತ್ತದೆ, ಅಲ್ಲಿ ಆ ಸೀಟಿಗೆ ಬೇರೆ ಯಜಮಾನ. ನಾಣಿ ಕೊನೆಗೆ ತೀರಾ ಕೆಳಗಿನ ತುದಿಗೆ, 87.9ಕ್ಕೆ ಇಳಿದ. ಅಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಸೀನ ಅದೇ ಸಾಕೆಟ್ಟಿನಿಂದ ನಾಣಿಯ ಫೋನನ್ನು ಚಾರ್ಜಿಗೆ ಹಾಕಿದ. ಹಾಡಿನ ಹಿಂದೆ ಒಂದು ಕುಂಯ್ ಶುರುವಾಯಿತು. ನಾಣಿ ಆಕ್ಸಿಲರೇಟರ್ ಒತ್ತಿದರೆ ಕುಂಯ್ ಮೇಲಕ್ಕೆ, ಕಾಲು ತೆಗೆದರೆ ಕೆಳಕ್ಕೆ.

"ಆಹಾ, ಏನು ಶ್ರುತಿ ಕೂಡಿಸುತ್ತಿದೆ ಇಂಜಿನ್ನು!"

"ಇಂಜಿನ್ನಲ್ಲ ಕಣೋ, ಅದರ ಜೊತೆ ತಿರುಗಿ ಕಾರಿಗೆ ಕರೆಂಟು ಮಾಡುವ ಆಲ್ಟರ್ನೇಟರ್," ಅಂದು ಮೇಷ್ಟ್ರು ವೈರು ಕಿತ್ತರು. ಹಾಡು ಒಬ್ಬಂಟಿಯಾಯಿತು. ಆದರೆ ಕರಕರ ಅನ್ನುತ್ತಿತ್ತು, ಯಾಕೆಂದರೆ ಈ ಮಹಾರಾಯ ಫೋನಿನ ವಾಲ್ಯೂಮ್ ಪೂರ್ತಿ ಏರಿಸಿದ್ದ. ಮುಕ್ಕಾಲು ಭಾಗಕ್ಕೆ ಇಳಿಸಿ ಉಳಿದದ್ದನ್ನು ಕಾರಿನ ರೇಡಿಯೋದಲ್ಲಿ ಏರಿಸಿದ ಮೇಲೆ ಕಿವಿಗೆ ಹಿತವಾಯಿತು. ನಾಣಿ ಇದನ್ನು ತನ್ನದೇ ಸಂಶೋಧನೆ ಅನ್ನುವ ಹಾಗೆ ತಲೆ ಆಡಿಸಿದ.

ಸಿಗ್ನಲ್ ಬಂತು. ನಿಂತೆವು. ಹಾಡು ಪಟ್ಟನೆ ನಿಂತು ಒಬ್ಬ ಹೆಂಗಸಿನ ದನಿ: "ಇನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ."

ಹಸಿರು ಬಿತ್ತು. ನಾಣಿ ಎಡಕ್ಕೆ ತಿರುಗಿಸಿಯೇ ಬಿಟ್ಟ.

"ಲೋ, ನಾವು ಹೋಗಬೇಕಾದ್ದು ನೇರ!"

"ಮ್ಯಾಪ್ ಹೇಳಿತಲ್ಲೋ."

"ನೀನು ಮ್ಯಾಪೇ ಹಾಕಿಲ್ವಲ್ಲೋ!"

ಎಲ್ಲರೂ ಎಡಗಡೆ ನೋಡಿದೆವು. ಪಕ್ಕದಲ್ಲೇ ಇನ್ನೊಂದು ಹಳೇ ಕಾರು. ಅದರ ಸಾಕೆಟ್ಟಿನಲ್ಲೂ ನೀಲಿ ದೀಪ. ಆ ಪುಣ್ಯಾತ್ಮನೂ ಖಾಲಿ ಸೀಟು ಹುಡುಕಿ ಹುಡುಕಿ 87.9ಕ್ಕೇ ಬಂದು ಟವೆಲ್ ಹಾಸಿದ್ದ. ಎರಡೂ ಕಾರಿನ ಆಂಟೆನಾ ಅಕ್ಕಪಕ್ಕ. "ಒಂದು ಗೇಣು ಹಿಂದೆಮುಂದೆ ಆದರೂ ಗೆಲ್ಲುವವನು ಬದಲಾಗುತ್ತಾನೆ," ಅಂದರು ಮೇಷ್ಟ್ರು, ಕ್ರಿಕೆಟ್ ನೋಡುವವರ ಖುಷಿಯಲ್ಲಿ.

ಆಗಲೇ ನಾಣಿಯ ಹೆಂಡತಿಯ ಫೋನು ಬರಬೇಕೇ? "ರೀ, ಕೇಳಿಸ್ತಾ" ಅನ್ನುವವರೆಗೆ ಅವರ ದನಿ, ಆಮೇಲೆ ಮ್ಯಾಪಿನವಳದು.

"ಹೂಂ," ಅಂದ ನಾಣಿ.

"ವೃತ್ತದಲ್ಲಿ ಎರಡನೇ ರಸ್ತೆ ಹಿಡಿಯಿರಿ."

"ಹೂಂ ಹೂಂ, ಆಯ್ತು." ಮನೆಯಲ್ಲೂ ಇವನು ಹೀಗೇ ಮಾತಾಡುವುದು ಅಂತ ಕಾಣುತ್ತದೆ, ಆ ಕಡೆಯಿಂದ ಅನುಮಾನವೇ ಬರಲಿಲ್ಲ.

ಮುಂದಿನ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನು ಗಾಜು ಇಳಿಸಿದ. ನಾಣಿಯೂ ಇಳಿಸಿದ.

"ಸಾರ್, ಬೇಜಾರು ಮಾಡ್ಕೋಬೇಡಿ. ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿದ್ರಾ ಅಂತ ಮೇಡಂ ಮೂರು ಸಲ ಕೇಳಿದ್ರು. ನೀವು ಹೂಂ ಅಂದ್ರೋ ಇಲ್ವೋ ನನಗೆ ಗೊತ್ತಾಗಲಿಲ್ಲ."

ನಾಣಿಯ ಮುಖ ಬಿಳುಚಿತು. ಸಿಗ್ನಲ್ ಬಿಟ್ಟದ್ದೇ ತಡ, ಕಾರು ಮನೆ ಕಡೆ ತಿರುಗಿತು.

"ಹೆದರಬೇಡ ಕಣೋ," ಸೀನ ಅವನ ಭುಜ ತಟ್ಟಿದ, "ನಾಲ್ಕನೇ ಕೇಳುಗ ಸಿಕ್ಕಿದನಲ್ಲ."