‘ಮ್ಯೂಸಿಕಲ್’ ಸಿನಿಮಾಕ್ಕೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ಭಾನುವಾರ ನಮ್ಮ ಫಿಲ್ಮ್ ಸೊಸೈಟಿಯಲ್ಲಿ 1929ರ ‘ಬ್ರಾಡ್‌ವೇ ಮೆಲೊಡಿ’, 1933ರ ‘ಫಾರ್ಟಿ ಸೆಕೆಂಡ್ ಸ್ಟ್ರೀಟ್’ ತೋರಿಸುತ್ತಿದ್ದೇವೆ. ಕರಪತ್ರ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ‘ಸಂಗೀತಚಿತ್ರ’ ಎಂದರೆ ಯಾರೋ ವಿದ್ವಾಂಸರ ಜೀವನಕಥೆ ಅಂದುಕೊಳ್ಳುತ್ತಾರೆ. ‘ಹಾಡುಗಳಿರುವ ಚಿತ್ರ’ ಎಂದರೆ ನಗುತ್ತಾರೆ. ನಮ್ಮಲ್ಲಿ ಹಾಡಿಲ್ಲದ್ದು ಎಷ್ಟಿವೆ ಹೇಳಿ?
– ಸು.

ಹಾಡುತಿಟ್ಟ. ತಿಟ್ಟ ಎಂದರೆ ಚಿತ್ರ. ಸಿನಿಮಾಕ್ಕೆ ‘ಓಡುತಿಟ್ಟ’ ಇದೆಯಲ್ಲ, ಅದೇ ದಾರಿ. ಸಂಗೀತ, ಚಿತ್ರ ಎರಡೂ ಸಂಸ್ಕೃತದ ಸಾಲ.
– ಬ.

ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು ಸಾಲದು ಅಂತ ಹಾಡುತಿಟ್ಟ ಬೇರೆ! ಕರಾವಳಿಯವರು ಚೆಂಡೆ ಕೇಳಲು ಬಂದು ಕೂರುತ್ತಾರೆ. ಅಷ್ಟಕ್ಕೂ ‘ಹಾಡುದಿಟ್ಟ’ ಆಗಬೇಕಲ್ವಾ, ಬೆಟ್ಟದಾವರೆಯ ಹಾಗೆ?
– ನಾ. ಭಟ್

ಕೈತೋಟವನ್ನು ಕೈದೋಟ ಅನ್ನುತ್ತೀರಾ? ಸುಮ್ನೆ ಸಂಧಿ ಹೇಳಬೇಡಿ.
– ಬ.

ಮೊದಲು ಸಿನಿಮಾ ನೋಡಿ, ಆಮೇಲೆ ಹೆಸರಿಡಿ. ಈ ಎರಡರಲ್ಲೂ ಪಾತ್ರಗಳೇ ರಂಗದ ಕಲಾವಿದರು, ಹಾಡಿಗೆ ಸ್ಟೇಜಿನ ನೆಪ ಇದೆ. ನಮ್ಮವರಿಗೆ ಆ ನೆಪ ಬೇಕಾಗಿಲ್ಲ, ಬೀದಿಯಲ್ಲೇ ಶುರು! ಇವತ್ತು ನೋಡಿದರೆ ಮೊದಲನೆಯದರಲ್ಲಿ ಕ್ಯಾಮೆರಾ ಕದಲುವುದೇ ಕಮ್ಮಿ. ಅದರ ಸದ್ದು ಮೈಕಿಗೆ ಬೀಳಬಾರದೆಂದು ಆ ಕಾಲದಲ್ಲಿ ಕ್ಯಾಮೆರಾಮನ್ ಸಮೇತ ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಿದ್ದರು. ಆದರೆ ಅದೇ ಚಿತ್ರದ ‘ಪೇಂಟೆಡ್ ಡಾಲ್’ ಕುಣಿತ ಮತ್ತೆ ಶೂಟ್ ಮಾಡಬೇಕಾಗಿ ಬಂದಾಗ, ಮೊದಲು ಮುದ್ರಿಸಿದ ಹಾಡನ್ನೇ ಹಾಕಿ ಕುಣಿಸಿದರು. ಆಮೇಲೆ ಈ ಉಪಾಯ ಎಲ್ಲರಿಗೂ ರೂಢಿಯಾಯಿತು. 1933ಕ್ಕೆ, ಎರಡನೆಯದರಲ್ಲಿ, ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿ ಕ್ಯಾಮೆರಾವನ್ನು ಮೇಲಕ್ಕೇರಿಸಿ, ಕುಣಿಯುವವರನ್ನು ರಂಗೋಲಿಯ ಹಾಗೆ ತೋರಿಸಿದ. ನನ್ನ ಓಟು ‘ರಂಗಗೀತೆಯ ಚಿತ್ರ’ಕ್ಕೆ.
– ಶಾ.

ಬಿತ್ತು. 1929ರದೇ ‘ಲವ್ ಪರೇಡ್’ನಲ್ಲಿ ರಾಣಿ ಅರಮನೆಯಲ್ಲೇ ಹಾಡುತ್ತಾಳೆ. ರಂಗ ಎಲ್ಲಿದೆ?

ಕ್ಯಾಮೆರಾ, ಶೂಟ್, ಸಿನಿಮಾ ಎಲ್ಲ ನುಂಗಿದವರಿಗೆ ‘ಮ್ಯೂಸಿಕಲ್’ ಒಂದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಾ? ‘ವಾಕ್ಚಿತ್ರ’ ಅಂತ ಬರೆದವರು ಬರೆದರು, ಜನ ಟಾಕಿ ಅಂದರು. ಥಿಯೇಟರಿನ ಬೋರ್ಡಿನ ಮೇಲೆ ಈಗಲೂ ಟಾಕೀಸ್ ಅಂತಲೇ ಇದೆ.
– ನಾ. ಭಟ್

ನುಂಗಿದ್ದು ನೀವು. ನನ್ನ ಬರಹದಲ್ಲಿ ಒಂದು ತೋರಿಸಿ.
– ಬ.

‘ಸಾಲ’ ಅಂತ ಬೈದಿರಲ್ಲ, ಅದಕ್ಕಿಂತ ಮೊದಲು ‘ಸಿನಿಮಾಕ್ಕೆ’ ಎಂದಿದ್ದೀರಿ.
– ಶಾ.

ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. ‘ಹಾಡು-ಕುಣಿತದ ಹಾಲಿವುಡ್, 1929–33’ ಎಂದು ಕಳಿಸಿಬಿಟ್ಟೆ. ತಿಟ್ಟದ ಜಗಳ ನೀವು ಮುಂದುವರಿಸಿ.
– ಸು.

ದ್ವಂದ್ವ ಸಮಾಸದ ನಡುವೆ ಗೀಟು ಯಾಕೆ?
– ನಾ. ಭಟ್