ಮಗಳಿಗೆ ಕಿವಿ ಕೇಳಿಸುವುದಿಲ್ಲ, ಅಕ್ಕಪಕ್ಕದವರಿಗೆ ಹೇಗೆ ಹೇಳಲಿ?

ಒಂಬತ್ತರ ಹುಡುಗಿಯ ಅಮ್ಮ:

ಹೋದ ವಾರ ಸಂಜೆ ಮಕ್ಕಳೆಲ್ಲ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ನನ್ನ ಮಗಳು ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಿದ್ದಳು. ಕತ್ತಲಾಯಿತು. ಯಾರೋ "ಆಟ ಮುಗೀತು, ಎಲ್ಲರೂ ಬನ್ರೋ" ಅಂತ ಕೂಗಿದರು, ಎಲ್ಲರೂ ಮನೆಗೆ ಹೋದರು. ಇವಳು ಅಲ್ಲೇ ಇದ್ದಳು. ನಾನು ಹುಡುಕಿಕೊಂಡು ಹೋಗುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ನನ್ನನ್ನು ನೋಡಿದವಳೇ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಅಂದಳು. ಪಾಪದ್ದು, ಗೆಲ್ಲುತ್ತಿದ್ದೇನೆ ಅಂದುಕೊಂಡಿತ್ತು.

ಮಕ್ಕಳ ಮೇಲೆ ಸಿಟ್ಟಿಲ್ಲ. ಅವರು ಕೂಗಿಯೇ ಹೋಗಿದ್ದಾರೆ. ದೊಡ್ಡವರಿಗೇ ಗೊತ್ತಿಲ್ಲ. ಎರಡೂ ಕಿವಿಗೆ ಮಷಿನ್ ಹಾಕಿದ್ದೀರಲ್ಲ, ಮತ್ಯಾಕೆ ಕೇಳಿಸಲ್ಲ ಅನ್ನುತ್ತಾರೆ. ಒಬ್ಬರು ಕಿವಿಯ ಹತ್ತಿರ ಬಂದು ಕಿರುಚುತ್ತಾರೆ. ಇನ್ನೊಬ್ಬ ಆಂಟಿ ಅವಳ ತಲೆ ಸವರಿ "ಪಾಪ" ಅನ್ನುತ್ತಾರೆ. (ನಾನೂ ಈಗಷ್ಟೇ ಅಂದೆ, ಆದರೆ ನಾನು ಅಮ್ಮ.) ಆ ಮಾತು ಅವಳಿಗೆ ತುಟಿ ನೋಡಿದರೇ ಗೊತ್ತಾಗುತ್ತದೆ.

ಭಾನುವಾರ ಎಲ್ಲರನ್ನೂ ಸೇರಿಸಿ 20 ನಿಮಿಷ ಮಾತಾಡಬೇಕು ಅಂತಿದ್ದೇನೆ. ಕಿವಿಯ ಚಿತ್ರ, ಡೆಸಿಬೆಲ್ ಲೆಕ್ಕ ಎಲ್ಲ ಬರೆದುಕೊಂಡೆ. ಓದಿದರೆ ನನಗೇ ನಿದ್ದೆ ಬಂತು. ಏನು ಹೇಳಲಿ?

ಕೈಮಾತು:

ನಾನು ಹುಟ್ಟಿನಿಂದ ಕಿವುಡ. (ಹೌದು, ಹಾಗೇ ಹೇಳಿಕೊಳ್ಳುತ್ತೇನೆ. ಯಾರಾದರೂ ಬೈಯಲು ಬಳಸಿದರೆ ಮಾತ್ರ ಜಗಳ.) ಟ್ಯಾಂಕಿನ ಹಿಂದೆ ನಾನೂ ಕೂತಿದ್ದವನೇ.

ಡೆಸಿಬೆಲ್ ಬಿಟ್ಟುಬಿಡಿ, ಆಟ ಆಡಿಸಿ. ದನಿ ಹೊರಡಿಸದೆ ‘ಮರ’, ‘ಬರ’, ‘ಪರ’ ಅನ್ನಿ. ಯಾವುದು ಹೇಳಿದೆ ಅಂತ ಕೇಳಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕ, ಗ ಅಂತೂ ಬಾಯಿಯ ಹಿಂಭಾಗದಲ್ಲೇ ಮುಗಿದುಹೋಗುತ್ತವೆ, ಹೊರಗೆ ಏನೂ ಕಾಣಲ್ಲ. ಆಮೇಲೆ ಬೆನ್ನು ತಿರುಗಿಸಿ ಹೇಳಿ, ಬಾಯಿಗೆ ಕೈ ಅಡ್ಡ ಇಟ್ಟು ಹೇಳಿ. ತುಟಿ ಓದುವುದರಲ್ಲಿ ಊಹೆಯೇ ಜಾಸ್ತಿ ಅಂತ ಅವರಿಗೇ ಗೊತ್ತಾಗುತ್ತದೆ.

ಮಷಿನ್ ಕನ್ನಡಕದ ಥರ ಅಲ್ಲ. ಹಾಕಿದ ಕೂಡಲೇ ಎಲ್ಲ ಸ್ಪಷ್ಟ ಆಗಲ್ಲ. ಮಾತಿನ ಜೊತೆ ಫ್ಯಾನು, ಬಾಗಿಲು, ಚಪ್ಪಲಿ ಎಳೆಯುವ ಸದ್ದು ಕೂಡ ದೊಡ್ಡದಾಗುತ್ತದೆ. ಒಂದೆರಡು ಮೀಟರಿನೊಳಗೆ ಮಾತು ಚೆನ್ನಾಗಿ ಸಿಗುತ್ತದೆ, ದೂರ ಹೋದಷ್ಟೂ ಕಲಸಿಹೋಗುತ್ತದೆ. ಕಿರುಚಿದರೆ ಬಾಯಿಯ ಆಕಾರವೇ ಕೆಟ್ಟು ಇನ್ನೂ ಕಷ್ಟ.

ದೊಡ್ಡವರಿಗೆ ಒಂದೇ ಮಾತು ಹೇಳಿ. ಎಲ್ಲರೂ ನಗುವಾಗ ಅವಳು "ಏನು?" ಅಂತ ಕೇಳಿದರೆ "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಅನ್ನಬೇಡಿ. ನನ್ನ ಮನೆಯಲ್ಲಿ ಆ ‘ಆಮೇಲೆ’ ಇವತ್ತಿಗೂ ಬಂದಿಲ್ಲ.

ಸುಮ್ನೆ ಕೇಳಿದೆ:

ಸನ್ನೆ ಭಾಷೆ ಕಲಿಸಿದರೆ ಕಿವಿ ಕೇಳಿಸದ ಮಗು ಬಾಯಿಬಿಟ್ಟು ಮಾತಾಡೋದನ್ನೇ ಬಿಡುತ್ತದೆ ಅಂತಾರಲ್ಲ? ಅದೂ ಅಲ್ಲದೆ ಸನ್ನೆ ಎಲ್ಲ ದೇಶದಲ್ಲೂ ಒಂದೇ ಅಲ್ವಾ?

ಹಳೇ ಮೇಷ್ಟ್ರು:

ಎರಡೂ ತಪ್ಪು. ಇಂಗ್ಲೆಂಡು, ಅಮೆರಿಕ ಎರಡು ಕಡೆಯೂ ಇಂಗ್ಲಿಷೇ. ಆದರೆ ಬೆರಳಲ್ಲಿ ಎಬಿಸಿಡಿ ತೋರಿಸಲು ಇಂಗ್ಲೆಂಡಿನವರಿಗೆ ಎರಡು ಕೈ ಬೇಕು, ಅಮೆರಿಕದವರಿಗೆ ಒಂದೇ ಸಾಕು. ಸನ್ನೆಗಳೂ ಬೇರೆ, ವ್ಯಾಕರಣವೂ ಬೇರೆ.

ಮಾತು ನಿಲ್ಲುತ್ತದೆ ಅನ್ನುವ ಭಯ ಬಹಳ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಭೆ ಸೇರಿ, ಶಾಲೆಯಲ್ಲಿ ಬಾಯಿಮಾತೇ ಇರಲಿ, ಸನ್ನೆ ಬೇಡ ಅಂತ ತೀರ್ಮಾನಿಸಿದರು. ಕೈ ಎತ್ತಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳಿಸುವವರೇ. ಆ ತೀರ್ಮಾನ ತಪ್ಪು ಅಂತ ಅದೇ ಸಮ್ಮೇಳನ ಒಪ್ಪಿಕೊಂಡಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷ! ಎಷ್ಟು ಮಕ್ಕಳು ಕೈ ಕಟ್ಟಿಕೊಂಡು ಕೂತಿರಬೇಕು ಲೆಕ್ಕ ಹಾಕಿ. ನಾನು 22 ವರ್ಷ ಪಾಠ ಮಾಡಿದ್ದೇನೆ. ಸನ್ನೆ ಕಲಿತು ಮಾತು ಮರೆತ ಮಗುವನ್ನು ನೋಡಿಲ್ಲ.

ಅಮ್ಮನಿಗೆ: ಮೊದಲು ಮಗಳನ್ನು ಕೇಳಿದಿರಾ? 20 ನಿಮಿಷ ಎಲ್ಲರೂ ಅವಳನ್ನೇ ನೋಡುತ್ತಾರೆ. ಅವಳು ಬೇಡ ಅಂದರೆ ಬೇಡ. ಸೆಪ್ಟೆಂಬರ್ 23 ಸನ್ನೆ ಭಾಷೆಗಳ ಅಂತರರಾಷ್ಟ್ರೀಯ ದಿನ, ಅವತ್ತೇ ಮಾಡಿ ಅಂತ ಯಾರಾದರೂ ಹೇಳಬಹುದು. ಅಲ್ಲಿಯವರೆಗೆ ಕಾಯಬೇಡಿ, ಆಟ ದಿನಾ ಇರುತ್ತದೆ.

ಒಂಬತ್ತರ ಹುಡುಗಿಯ ಅಮ್ಮ:

ನಿಜ, ಕೇಳಿರಲೇ ಇಲ್ಲ. ಕೇಳಿದೆ. ಭಾಷಣ ಬೇಡ, ಮರ ಬರ ಪರ ತಾನೇ ಆಡಿಸುತ್ತೇನೆ ಅಂದಳು.

ಭಾನುವಾರ ಎಂಟು ಮಕ್ಕಳು, ಮೂವರು ದೊಡ್ಡವರು ಬಂದರು. ತಲೆ ಸವರುವ ಆಂಟಿಗೆ ಹತ್ತರಲ್ಲಿ ಮೂರು ಸರಿಯಾಯಿತು. ಮಗಳು ಎದ್ದು ಹೋಗಿ ಅವರ ತಲೆ ಸವರಿ "ಪಾಪ" ಅಂದಳು. ನಾನು ನೆಲ ನೋಡಿದೆ. ಅವರೇ ಮೊದಲು ನಕ್ಕರು, ಸದ್ಯ.

ಆಟ ಮುಗಿದರೆ ಟಾರ್ಚ್ ಮೂರು ಸಲ ಮಿಟುಕಿಸಬೇಕು ಅಂತ ಈಗ ಮಕ್ಕಳೇ ನಿಯಮ ಮಾಡಿಕೊಂಡಿದ್ದಾರೆ. ನಿನ್ನೆ ಟಾರ್ಚಿನ ಸೆಲ್ ಮುಗಿದಿತ್ತು. ಒಬ್ಬ ಹುಡುಗ ಗೊಣಗುತ್ತಲೇ ಟ್ಯಾಂಕಿನ ಹಿಂದೆ ಓಡಿ, ಭುಜ ತಟ್ಟಿ ಕರೆದುಕೊಂಡು ಬಂದ.